ಫಕೀರಪ್ಪ ಎಂಬ ಹೆಸರು ಯಾವ ವಿಭಾಗಕ್ಕೆ ಸೇರಬೇಕು?

(ವಿಜಯಪುರದ ಪದವಿ ಕಾಲೇಜೊಂದರಲ್ಲಿ ಕನ್ನಡ, ಇತಿಹಾಸ ಮತ್ತು ಸಮಾಜಶಾಸ್ತ್ರ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಈ ಊರಿನವರಿಗೆ ಹಳಕಟ್ಟಿಯವರ ಬಗ್ಗೆ ಹೇಳುವ ಅಗತ್ಯವಿಲ್ಲ. ಫ. ಗು. ಹಳಕಟ್ಟಿ ಅಂತ ಬರೆಯುತ್ತೇವೆ, ವಚನ ಪಿತಾಮಹ ಅಂತ ಕರೆಯುತ್ತೇವೆ. ಆದರೆ ಆ ಎರಡು ಅಕ್ಷರಗಳನ್ನು ಬಿಡಿಸಿ ಓದಿದ್ದೀರಾ? ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. ಇನ್ನೊಮ್ಮೆ ನಿಧಾನವಾಗಿ ಓದಿ. ಫಕೀರ ಅರಬ್ಬಿ ಪದ, ಬಡವ ಅಂತ ಅದರ ಅರ್ಥ. ಸೂಫಿಗಳ ಮಾತಿನಲ್ಲಿ ಅದು ದೇವರ ಮುಂದೆ ತನ್ನದೆಂಬುದು ಏನೂ ಇಲ್ಲದವನು ಅಂತಾಯಿತು. ಅಪ್ಪ ನಮ್ಮ ಕನ್ನಡದ್ದು. ಗುರು ಸಂಸ್ಕೃತದ್ದು. ಬಸವ ಅನ್ನುವುದು ವೃಷಭದಿಂದ ಬಂದ ತದ್ಭವ. ಇಷ್ಟೆಲ್ಲ ಒಬ್ಬರೇ ಮನುಷ್ಯರ ಹೆಸರಿನಲ್ಲಿದೆ. ಶರಣರ ವಚನಗಳನ್ನು ಹುಡುಕಿ ತಂದು ನಮ್ಮ ಕೈಗಿಟ್ಟವರ ಹೆಸರು ಇದು.

ನಿಮ್ಮ ಮನೆತನದಲ್ಲಿ ಫಕೀರಪ್ಪ, ಫಕೀರವ್ವ, ಹುಸೇನಪ್ಪ ಇವರಲ್ಲಿ ಯಾರಾದರೂ ಇದ್ದರೆ ಕೈ ಎತ್ತಿ ಅಂದೆ. ನೋಡಿ, ಎಷ್ಟು ಕೈಗಳು! ಮಕ್ಕಳಾಗಲಿ ಅಂತ ಮೊಹರಂನಲ್ಲಿ ಕೂರಿಸುವ ಅಲಾಯಿ ದೇವರಿಗೋ ದರ್ಗಾಕ್ಕೋ ಹರಕೆ ಹೊರುವುದು, ಹುಟ್ಟಿದ ಮಗುವಿಗೆ ಇಂಥ ಹೆಸರಿಡುವುದು ನಮ್ಮ ಕಡೆ ಹಳೆಯ ರೂಢಿ. ಈಗ ಹೇಳಿ, ಈ ಹೆಸರನ್ನು ಓದುವ ಕೆಲಸ ಯಾರದು? ಕನ್ನಡ ವಿಭಾಗದ್ದಾ? ಇತಿಹಾಸದ್ದಾ? ಸಮಾಜಶಾಸ್ತ್ರದ್ದಾ? ಪದದ ಮೂಲ ಹೇಳುವವರು ಹರಕೆಯ ಬಗ್ಗೆ ಹೇಳುವುದಿಲ್ಲ. ಹರಕೆಯ ಬಗ್ಗೆ ಹೇಳುವವರಿಗೆ ಸೂಫಿಗಳು ಈ ನಾಡಿಗೆ ಯಾವಾಗ ಬಂದರು ಅನ್ನುವುದು ಬೇಕಿಲ್ಲ. ಮೂವರೂ ಒಂದೇ ಕೋಣೆಯಲ್ಲಿ ಕೂತರೆ ಮಾತ್ರ ಈ ಹೆಸರು ಪೂರ್ತಿ ಬಾಯಿ ಬಿಡುತ್ತದೆ. ವಿಶ್ವವಿದ್ಯಾಲಯದಲ್ಲಿ ಧರ್ಮಗಳ ಅಧ್ಯಯನ ಅಂತ ಒಂದು ವಿಷಯ ಬೇಕು ಅಂತ ನಾನು ಹೇಳುವಾಗ ನನ್ನ ಮನಸ್ಸಿನಲ್ಲಿರುವುದು ಇಂಥ ಕೋಣೆ.

ಇಲ್ಲಿ ಒಂದು ಹೆದರಿಕೆ ಇದೆ, ಅದನ್ನು ಮೊದಲೇ ಮಾತಾಡಿಬಿಡೋಣ. ಸರ್ಕಾರಿ ಕಾಲೇಜಿನಲ್ಲಿ ಧರ್ಮ ಕಲಿಸಬಹುದಾ, ಸಂವಿಧಾನ ಒಪ್ಪುತ್ತದಾ ಅಂತ ಕೇಳುತ್ತಾರೆ. ಸಂವಿಧಾನದ 28ನೇ ವಿಧಿ ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಿಕ್ಷಣ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಅನ್ನುತ್ತದೆ. ಬೋಧನೆ ಬೇರೆ, ಅಧ್ಯಯನ ಬೇರೆ. ಅಮೃತಸರದ ಗುರು ನಾನಕರ ಹೆಸರಿನ ವಿಶ್ವವಿದ್ಯಾಲಯದ ಕಾಯ್ದೆಯಲ್ಲಿ ನಾನಕರ ಬದುಕು ಮತ್ತು ಬೋಧನೆಯ ಅಧ್ಯಯನಕ್ಕೆ ಅವಕಾಶವಿತ್ತು. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 1971ರಲ್ಲಿ ಕೋರ್ಟು, ಒಬ್ಬ ಸಂತನ ವಿಚಾರವನ್ನು ವಿದ್ವತ್ತಿನ ರೀತಿಯಲ್ಲಿ ಓದುವುದು ಧಾರ್ಮಿಕ ಬೋಧನೆಯಲ್ಲ ಅಂತ ಹೇಳಿತು. 2002ರಲ್ಲಿ ಶಾಲಾ ಪಠ್ಯಕ್ರಮದ ಪ್ರಕರಣದಲ್ಲೂ ಧರ್ಮಗಳ ಬಗ್ಗೆ ತಿಳಿಸುವುದಕ್ಕೆ ಅಡ್ಡಿಯಿಲ್ಲ ಎಂದಿತು. ಇದಕ್ಕೂ ಮುಂಚೆ, 1948-49ರಲ್ಲೇ, ರಾಧಾಕೃಷ್ಣನ್ ಅವರ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ ಪದವಿ ವಿದ್ಯಾರ್ಥಿಗಳು ಬೇರೆ ಬೇರೆ ಧರ್ಮಗುರುಗಳ ಬದುಕನ್ನೂ ಧರ್ಮಗ್ರಂಥಗಳ ಆಯ್ದ ಭಾಗಗಳನ್ನೂ ಓದಬೇಕು ಅಂತ ಸಲಹೆ ಕೊಟ್ಟಿತ್ತು. ದಾರಿ ತೆರೆದೇ ಇದೆ. ನಾವು ಜಾಸ್ತಿ ಜನ ಆ ದಾರಿಯಲ್ಲಿ ನಡೆಯಲಿಲ್ಲ, ಅಷ್ಟೇ.

ಈಗ ಮೊಹರಂಗೆ ಬರುತ್ತೇನೆ. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಿಮ್ಮೂರಲ್ಲಿ ಮೊಹರಂ ಹಬ್ಬದ ಕೊನೆಯ ದಿನದ ಹಿಂದಿನ ರಾತ್ರಿಗೆ ಏನಂತಾರೆ? ಕತ್ತಲ ರಾತ್ರಿ. ಚಿಕ್ಕಂದಿನಿಂದ ನಾನೂ ಹಾಗೇ ಕೇಳಿದ್ದೆ. ಕತ್ತಲಾದ ಮೇಲೆ ದೇವರು ಏಳುತ್ತದೆ, ಅದಕ್ಕೇ ಕತ್ತಲ ರಾತ್ರಿ ಅಂದುಕೊಂಡಿದ್ದೆ. ಅದು ಕತಲ್ ರಾತ್ರಿ. ಕತಲ್ ಅಂದರೆ ಅರಬ್ಬಿಯಲ್ಲಿ ಕೊಲೆ. ಕ್ರಿ.ಶ. 680ರಲ್ಲಿ, ಇವತ್ತಿನ ಇರಾಕಿನ ಕರ್ಬಲಾದಲ್ಲಿ, ಪ್ರವಾದಿಯವರ ಮೊಮ್ಮಗ ಹುಸೇನರನ್ನೂ ಅವರ ಜೊತೆಗಾರರನ್ನೂ ಯೂಫ್ರೆಟಿಸ್ ನದಿಯ ನೀರು ಸಿಗದಂತೆ ತಡೆದು ಕೊಂದರು. ಆ ದಿನಕ್ಕೆ ಮುಂಚಿನ ರಾತ್ರಿ ಅದು. ಅರಬ್ಬಿಯಿಂದ ಫಾರಸಿಗೆ, ಫಾರಸಿಯಿಂದ ದಖನಿಗೆ, ಅಂದರೆ ನಮ್ಮ ಕಡೆಯ ಹಳೆಯ ಉರ್ದುವಿಗೆ, ಅಲ್ಲಿಂದ ನಮ್ಮ ರೈತರ ಬಾಯಿಗೆ ಬಂದ ಪದ ಕನ್ನಡದ ಕಿವಿಗೆ ಕತ್ತಲಾಗಿ ಕೇಳಿಸಿತು.

ಭಾಷೆ ಓದಿದವರು ಇಲ್ಲಿಗೆ ನಿಲ್ಲಿಸಬಹುದು. ಜನ ತಪ್ಪಾಗಿ ಕೇಳಿಸಿಕೊಂಡರು ಅಂತ ಒಂದು ಟಿಪ್ಪಣಿ ಹಾಕಿದರೆ ಅವರ ಕೆಲಸ ಮುಗಿಯಿತು. ನನಗೆ ಅಲ್ಲಿಗೆ ಸಮಾಧಾನವಾಗುವುದಿಲ್ಲ. ಆ ರಾತ್ರಿ ಅಲಾಯಿ ಕುಣಿಯಲ್ಲಿ ಬೆಂಕಿ ಉರಿಯುತ್ತಿರುತ್ತದೆ. ಹಲಗೆ ಬಾರಿಸುತ್ತಾರೆ. ಊದು ಹಾಕುತ್ತಾರೆ. ಸುತ್ತ ಹೆಜ್ಜೆ ಹಾಕುತ್ತಾ ಕರ್ಬಲಾದ ಕಥೆಯ ರಿವಾಯತ್ ಪದ ಹೇಳುತ್ತಾರೆ, ಅದೂ ಕನ್ನಡದಲ್ಲಿ. ಕೂಸಿನ ಬಾಯಿಗೆ ಹನಿ ನೀರು ಸಿಗಲಿಲ್ಲ ಅನ್ನುವ ಸಾಲು ಬಂದಾಗ ಕೇಳುವ ತಾಯಂದಿರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ಬರದ ಜಿಲ್ಲೆಯವರು ನಾವು. ನೀರು ಸಿಗದ ಸಾವು ಅಂದರೆ ಏನು ಅಂತ ನಮಗೆ ಯಾರೂ ಅರ್ಥ ಹೇಳಬೇಕಾಗಿಲ್ಲ. ಅಂಥವರಿಗೆ ಆ ರಾತ್ರಿ ಕತ್ತಲೆಯೇ. ಪದದ ಮೂಲ ಒಂದು ಸತ್ಯ, ಪದಕ್ಕೆ ಜನ ಕೊಟ್ಟ ಅರ್ಥ ಇನ್ನೊಂದು ಸತ್ಯ. ಮೊದಲನೆಯದಕ್ಕೆ ಭಾಷಾಶಾಸ್ತ್ರ ಬೇಕು. ಎರಡನೆಯದಕ್ಕೆ ಜನರ ನಡುವೆ ರಾತ್ರಿಯಿಡೀ ಕೂರಬೇಕು.

ಇನ್ನು ಇತಿಹಾಸದವರು ಬಂದು ಕೂರಲಿ. ಈ ಊರಿನ ರಾಜ್ಯ ಕಟ್ಟಿದ ಯೂಸುಫ್ ಆದಿಲ್ ಶಾ 16ನೇ ಶತಮಾನದ ಆರಂಭದಲ್ಲಿ, ಹುಸೇನರ ಶೋಕವನ್ನು ದೊಡ್ಡದಾಗಿ ಆಚರಿಸುವ ಶಿಯಾ ಪಂಥವನ್ನು ರಾಜ್ಯದ ಪಂಥ ಮಾಡಿದ. ಮುಂದೆ ಬಂದ ಇಬ್ರಾಹಿಂ ಆದಿಲ್ ಶಾ 2 ಸುನ್ನಿ. ಜನ ಅವನನ್ನು ಜಗದ್ಗುರು ಅಂತ ಕರೆದರು. ಅವನು ದಖನಿಯಲ್ಲಿ ಬರೆದ ಹಾಡುಗಳಲ್ಲಿ ಸರಸ್ವತಿಯ ಸ್ತುತಿ ಇದೆ. ತೊರವಿಯ ಹತ್ತಿರ ನವರಸಪುರ ಕಟ್ಟಲು ಹೊರಟವನು ಅವನೇ. ಅರಮನೆಯಲ್ಲಿ ಪಂಥ ಬದಲಾಗುತ್ತಾ ಹೋಯಿತು. ಹಳ್ಳಿಯಲ್ಲಿ ಪಂಜಾ, ಅಂದರೆ ಮೊಹರಂನ ಹಸ್ತದ ಆಕಾರದ ದೇವರನ್ನು, ಎತ್ತುವುದು ನಿಲ್ಲಲಿಲ್ಲ. ಯಾಕೆ? ಇದು ಒಳ್ಳೆಯ ಪ್ರಶ್ನೆ. ಅರಮನೆಯ ಫಾರಸಿ ಕಾಗದಗಳನ್ನು ಮಾತ್ರ ಓದಿದರೆ ಉತ್ತರ ಸಿಗುವುದಿಲ್ಲ.

ಗಣಿತ ಬಲ್ಲವರೂ ಬೇಕು. ಹಿಜರಿ ವರ್ಷಕ್ಕೆ ಸುಮಾರು 354 ದಿನ. ಹಾಗಾಗಿ ಮೊಹರಂ ಪ್ರತಿ ವರ್ಷ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತದೆ. 2023ರಲ್ಲಿ ಜುಲೈ 29, 2024ರಲ್ಲಿ ಜುಲೈ 17, 2025ರಲ್ಲಿ ಜುಲೈ 6. ನಮ್ಮ ಪಂಚಾಂಗದಲ್ಲಿ ಅಧಿಕ ಮಾಸ ಸೇರಿಸುತ್ತೇವೆ, ಅದಕ್ಕೇ ದೀಪಾವಳಿ ಬೇಸಿಗೆಗೆ ಜಾರುವುದಿಲ್ಲ. ಮೊಹರಂಗೆ ಅಂಥ ಕಟ್ಟು ಇಲ್ಲ. ಸುಮಾರು 33 ವರ್ಷದಲ್ಲಿ ಅದು ಎಲ್ಲ ಕಾಲಗಳನ್ನೂ ಸುತ್ತಿ ಬರುತ್ತದೆ. ಈಗ ಯೋಚನೆ ಮಾಡಿ. ಸುಗ್ಗಿ ಮುಗಿದು ಕಣಜ ತುಂಬಿದಾಗ ಬರುವ ಮೊಹರಂ ಒಂದು ತರಹ. ಬಿತ್ತನೆಗೆ ಬೀಜ-ಗೊಬ್ಬರ ತಂದು ಕೈ ಖಾಲಿಯಾದಾಗ ಬರುವ ಮೊಹರಂ ಇನ್ನೊಂದು ತರಹ. ಯಾವ ವರ್ಷ ಚೊಂಗೆ ಅನ್ನುವ ಹಬ್ಬದ ಸಿಹಿ ಎಷ್ಟು ಮಾಡಿದರು, ಡೋಲಿಗೆ ಎಷ್ಟು ಖರ್ಚು ಮಾಡಿದರು, ದುಡಿಯಲು ಗೋವಾಕ್ಕೆ ಹೋದವರು ಎಷ್ಟು ಜನ ಹಬ್ಬಕ್ಕೆ ಬಂದರು ಅಂತ ಯಾರಾದರೂ ಮೂವತ್ತು ವರ್ಷ ಬರೆದಿಟ್ಟಿದ್ದರೆ! ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಅದಕ್ಕಿಂತ ಒಳ್ಳೆಯ ಲೆಕ್ಕದ ಪುಸ್ತಕ ಇನ್ನೊಂದಿಲ್ಲ.

ನನ್ನದೇ ಒಂದು ತಪ್ಪನ್ನು ಹೇಳಬೇಕು. ಎಂ.ಎ. ಓದುವಾಗ ಬಾಗಲಕೋಟೆ ಕಡೆಯ ಒಂದು ಹಳ್ಳಿಗೆ ಮೊಹರಂ ನೋಡಲು ಹೋಗಿದ್ದೆ. ಕೈಯಲ್ಲಿ ಅಚ್ಚು ಹಾಕಿಸಿದ ಪ್ರಶ್ನಾವಳಿ. ಹೆಸರು, ವಯಸ್ಸು, ಕಸುಬು, ಆಮೇಲೆ ಧರ್ಮ. ಧರ್ಮದ ಮುಂದೆ ಐದು ಚೌಕ: ಹಿಂದೂ, ಮುಸ್ಲಿಂ, ಜೈನ, ಕ್ರೈಸ್ತ, ಇತರೆ. ಪಂಜಾ ಹಿಡಿಯುವ ಹಿರಿಯರೊಬ್ಬರು ಹಣೆಗೆ ವಿಭೂತಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. "ಅಜ್ಜಾರ, ನಿಮ್ಮ ಧರ್ಮ ಯಾವುದಂತ ಬರೀಲ್ರಿ?" ಅಂತ ಕೇಳಿದೆ.

"ಏನರ ಬರ್ಕೋ ತಮ್ಮಾ. ಆದ್ರ ಪಂಜಾ ಹಿಡಿಯೂ ಹಕ್ಕ ನಮ್ಮ ಮನಿಗಿ ಐತಿ. ಅದನ್ನ ಬರಿ."

ನನ್ನ ಹಾಳೆಯಲ್ಲಿ ಹಕ್ಕಿಗೆ ಜಾಗವಿರಲಿಲ್ಲ. ಹಿಂದೂ ಅನ್ನುವ ಚೌಕಕ್ಕೆ ಗುರುತು ಹಾಕಿ ಮುಂದಿನವರ ಹತ್ತಿರ ಹೋದೆ. ಎಷ್ಟೋ ವರ್ಷಗಳ ಮೇಲೆ ಆ ಮಾತು ನೆನಪಾಗಿ ನಿದ್ದೆ ಬರಲಿಲ್ಲ. ಹಕ್ಕು ಅನ್ನುವುದು ಎಷ್ಟು ದೊಡ್ಡ ಮಾತು. ಯಾವ ಮನೆಗೆ ಯಾವ ಸೇವೆ, ಯಾರು ಕಟ್ಟಿಗೆ ತರಬೇಕು, ಯಾರು ಹಲಗೆ ಬಾರಿಸಬೇಕು, ಅದಕ್ಕೆ ಬದಲಾಗಿ ಯಾರಿಗೆ ಹೊಲ, ಯಾರಿಗೆ ಕಾಳು. ಜಾತಿ, ಜಮೀನು, ಮರ್ಯಾದೆ ಎಲ್ಲ ಆ ಒಂದು ಪದದಲ್ಲಿ ಇತ್ತು. ಕೆಲವರ ಪಾಲಿಗೆ ಅದರಲ್ಲಿ ಅವಮಾನವೂ ಇದ್ದಿರಬೇಕು. ಹಲಗೆ ಬಾರಿಸುವವರನ್ನು ನಾನು ಕೇಳಲೇ ಇಲ್ಲ. ಒಂದೂ ಮುಸ್ಲಿಂ ಮನೆಯಿಲ್ಲದ ಊರುಗಳಲ್ಲೂ ಮೊಹರಂ ನಡೆಯುತ್ತದೆ ಅಂತ ನಾವು ಭಾವೈಕ್ಯದ ಭಾಷಣ ಮಾಡುತ್ತೇವೆ. ಭಾವೈಕ್ಯ ನಿಜ. ನಾನು ಅದನ್ನು ಕಣ್ಣಾರೆ ನೋಡಿದ್ದೇನೆ. ಆದರೆ ಅಷ್ಟನ್ನೇ ಹೇಳಿ ಸುಮ್ನೆ ಬಿಟ್ಟರೆ ಅಲ್ಲಿ ಯಾರು ಎಲ್ಲಿ ನಿಲ್ಲುತ್ತಾರೆ ಅನ್ನುವುದು ಕಾಣುವುದಿಲ್ಲ. ಇದನ್ನು ಕಾಣಿಸುವುದು ಸಮಾಜಶಾಸ್ತ್ರದ ಕೆಲಸ. ಆಗ ನಾನು ಅದನ್ನು ಓದಿರಲಿಲ್ಲ.

ಐಹೊಳೆಗೆ ಹೋಗಿದ್ದೀರಿ ತಾನೇ? ಅಲ್ಲಿನ ಮೇಗುಟಿ ಗುಡಿಯ ಗೋಡೆಯ ಶಾಸನ ಕ್ರಿ.ಶ. 634ರದ್ದು. ರವಿಕೀರ್ತಿ ಬರೆದದ್ದು. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದು ಅದರಲ್ಲಿದೆ ಅಂತ ಇತಿಹಾಸದವರಿಗೆ ಪ್ರೀತಿ. ಕಾಳಿದಾಸ, ಭಾರವಿಯ ಹೆಸರಿದೆ ಅಂತ ಸಾಹಿತ್ಯದವರಿಗೆ ಪ್ರೀತಿ. ಪರೀಕ್ಷೆಯಲ್ಲಿ ಇವೆರಡನ್ನೇ ಕೇಳುತ್ತಾರೆ, ಅಲ್ವಾ? ಆ ಕಲ್ಲನ್ನು ಕೆತ್ತಿಸಿದ್ದು ಯಾಕೆ? ರವಿಕೀರ್ತಿ ಒಂದು ಜಿನಾಲಯ ಕಟ್ಟಿಸಿದ, ಅದನ್ನು ಹೇಳಲು. ಶಾಸನ ಶುರುವಾಗುವುದೇ ಜಿನೇಂದ್ರನ ಸ್ತುತಿಯಿಂದ. ಎಲ್ಲರೂ ತಮಗೆ ಬೇಕಾದ ಸಾಲು ತೆಗೆದುಕೊಂಡರು, ಗುಡಿ ಕಟ್ಟಿದವನ ಭಕ್ತಿ ಅಲ್ಲೇ ಉಳಿಯಿತು. ಅದೇ ಗುಡ್ಡದಲ್ಲಿ ಸ್ವಲ್ಪ ಕೆಳಗೆ ಎರಡು ಅಂತಸ್ತಿನ ಬೌದ್ಧ ಗುಡಿ ಇದೆ, ಛಾವಣಿಯಲ್ಲಿ ಬುದ್ಧನ ಚಿಕ್ಕ ಶಿಲ್ಪ. ಮೇಲೆ ಜಿನ, ಕೆಳಗೆ ಬುದ್ಧ, ಗುಡ್ಡದ ಬುಡದಲ್ಲಿ ಊರ ತುಂಬ ಶಿವ-ವಿಷ್ಣುವಿನ ಗುಡಿಗಳು. ಬಾದಾಮಿಯಲ್ಲೂ ಹಾಗೇ. ಮೂರನೇ ಗುಹೆ ವಿಷ್ಣುವಿನದು, ಕ್ರಿ.ಶ. 578ರ ಶಾಸನವಿದೆ. ಪಕ್ಕದ ನಾಲ್ಕನೆಯದು ಜೈನರದು. ಐಹೊಳೆಯ ಬೌದ್ಧರು ಏನಾದರು? ಅವರು ತಮ್ಮ ಕಥೆ ಹೇಳುವ ಪುಸ್ತಕವನ್ನು ಇಲ್ಲಿ ಬಿಟ್ಟು ಹೋಗಲಿಲ್ಲ. ಕಲ್ಲು ಮಾತ್ರ ಉಳಿದಿದೆ. ಅಲ್ಲಿ ಪುರಾತತ್ವ ಬಿಟ್ಟರೆ ಬೇರೆ ಆಧಾರವಿಲ್ಲ.

ಹಳಕಟ್ಟಿಯವರ ವಿಷಯಕ್ಕೆ ತಿರುಗಿ ಬರುತ್ತೇನೆ. ಅವರು ಪ್ರಾಧ್ಯಾಪಕರಲ್ಲ, ಈ ಊರಿನಲ್ಲಿ ವಕೀಲರು. ಮಠ-ಮನೆ ಅಲೆದು ತಾಡೋಲೆ ಕೂಡಿಸಿದರು. 1923ರಲ್ಲಿ ವಚನಗಳ ಮೊದಲ ದೊಡ್ಡ ಸಂಗ್ರಹ ಹೊರತಂದರು. ಮನೆ ಮಾರಿ ಹಿತಚಿಂತಕ ಮುದ್ರಣಾಲಯ ನಡೆಸಿದರು. 1926ರಿಂದ ಶಿವಾನುಭವ ಪತ್ರಿಕೆ. ತಾಡೋಲೆ ಓದುವುದು ಸುಲಭವಲ್ಲ. ಎಕಾರ-ಏಕಾರ ಬೇರೆ ಮಾಡಿ ಬರೆದಿರುವುದಿಲ್ಲ, ವಚನಕ್ಕೂ ವಚನಕ್ಕೂ ನಡುವೆ ಜಾಗ ಬಿಟ್ಟಿರುವುದಿಲ್ಲ. ಒಂದು ಓಲೆಯಲ್ಲಿದ್ದ ಸಾಲು ಇನ್ನೊಂದರಲ್ಲಿ ಇರುವುದಿಲ್ಲ. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಅನ್ನುವ ಅಂಕಿತ ನೋಡಿ ಯಾರ ವಚನ ಅಂತ ಹೇಳಬೇಕು. ಇಷ್ಟು ಕಷ್ಟಪಟ್ಟ ಮೇಲೆ ವಚನ ಅಚ್ಚಾಯಿತು. ಮಠದ ಗಂಟಿನಲ್ಲಿ ಪೂಜೆ ಮಾಡಿಸಿಕೊಳ್ಳುತ್ತಿದ್ದದ್ದು ಮನೆಯ ಗೂಡಿಗೆ, ಶಾಲೆಯ ಪಠ್ಯಕ್ಕೆ ಬಂತು. ಒಂದು ಧರ್ಮದವರು ತಮ್ಮನ್ನು ತಾವು ನೋಡಿಕೊಳ್ಳುವ ರೀತಿಯೇ ಅಚ್ಚಿನ ಮೊಳೆಯಿಂದ ಬದಲಾಗುತ್ತದೆ. ಯುರೋಪಿನಲ್ಲಿ ಬೈಬಲ್ಲು ಜನರ ಭಾಷೆಯಲ್ಲಿ ಅಚ್ಚಾದಾಗ ಏನಾಯಿತು ಅಂತ ಓದುವವರು, ವಿಜಯಪುರದ ಈ ಮುದ್ರಣಾಲಯದ ಕಥೆಯನ್ನು ಅದರ ಪಕ್ಕದಲ್ಲಿಟ್ಟು ಓದಬೇಕು. ತುಲನೆ ಅಂದರೆ ನನಗೆ ಇದು. ಯಾರ ದೇವರು ದೊಡ್ಡವನು ಅಂತ ತೂಗುವುದಲ್ಲ.

2017-18ರಲ್ಲಿ ಲಿಂಗಾಯತ ಪ್ರತ್ಯೇಕ ಧರ್ಮವೇ ಅನ್ನುವ ಚರ್ಚೆ ನಮ್ಮ ಚಹಾದಂಗಡಿಗಳಲ್ಲೂ ಕಾವೇರಿತ್ತು. ನಾನು ಇಲ್ಲಿ ತೀರ್ಪು ಕೊಡಲು ಬಂದಿಲ್ಲ. ಒಂದು ಸಂಗತಿ ಮಾತ್ರ ಹೇಳುತ್ತೇನೆ. ಧರ್ಮ ಅಂದರೆ ಏನು ಅಂತ ನಮ್ಮ ಸುಪ್ರೀಂ ಕೋರ್ಟು 1954ರಲ್ಲೇ ಯೋಚಿಸಬೇಕಾಯಿತು, ಅದೂ ನಮ್ಮ ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ. ದೇವರನ್ನು ನಂಬಿದರೆ ಮಾತ್ರ ಧರ್ಮ ಅನ್ನಲಾಗದು, ಬೌದ್ಧ, ಜೈನ ಧರ್ಮಗಳಿವೆಯಲ್ಲ ಅಂತ ಕೋರ್ಟು ಹೇಳಿತು. ಧರ್ಮದ ಅಗತ್ಯ ಭಾಗ ಯಾವುದು ಅನ್ನುವುದನ್ನು ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕು ಅಂತಲೂ ಹೇಳಿತು. ಹಾಗಾದರೆ ನ್ಯಾಯಾಧೀಶರು ತತ್ವಶಾಸ್ತ್ರ ಓದಬೇಕು, ತತ್ವಶಾಸ್ತ್ರದವರು ಕಾನೂನು ಓದಬೇಕು. ಚಹಾದಂಗಡಿಯ ಚರ್ಚೆಗೆ ಇವೆರಡೂ ಒದಗಿದ್ದರೆ ಕೂಗಾಟ ಸ್ವಲ್ಪ ಕಡಿಮೆಯಾಗುತ್ತಿತ್ತು ಅಂತ ನನ್ನ ನಂಬಿಕೆ.

ಧರ್ಮಗಳ ಅಧ್ಯಯನ ಅನ್ನುವ ಈ ವಿಷಯ ಎಲ್ಲಿಂದ ಬಂತು ಅಂತ ಚಿಕ್ಕದಾಗಿ ಹೇಳುತ್ತೇನೆ. 1870ರಲ್ಲಿ ಮ್ಯಾಕ್ಸ್ ಮುಲ್ಲರ್ ಲಂಡನ್ನಿನಲ್ಲಿ ಧರ್ಮಗಳ ವಿಜ್ಞಾನ ಅಂತ ಉಪನ್ಯಾಸಗಳನ್ನು ಕೊಟ್ಟರು. ಒಂದೇ ಧರ್ಮ ಬಲ್ಲವನು ಯಾವುದನ್ನೂ ಬಲ್ಲವನಲ್ಲ ಅಂದರು. ಋಗ್ವೇದವನ್ನು ಸಂಪಾದಿಸಿದ ಅವರು ಭಾರತಕ್ಕೆ ಒಮ್ಮೆಯೂ ಬರಲಿಲ್ಲ. 1892ರ ಅಕ್ಟೋಬರಿನಲ್ಲಿ ವಿವೇಕಾನಂದರು ನಮ್ಮ ಬೆಳಗಾವಿಯಲ್ಲಿ ಉಳಿದಿದ್ದರು. ಮುಂದಿನ ಸೆಪ್ಟೆಂಬರಿನಲ್ಲಿ ಷಿಕಾಗೋದ ಸರ್ವಧರ್ಮ ಸಮ್ಮೇಳನ. 1967ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರಿನಲ್ಲಿ ನಿನಿಯನ್ ಸ್ಮಾರ್ಟ್ ಹೊಸ ವಿಭಾಗ ಕಟ್ಟಿ, ಧರ್ಮವನ್ನು ಸಿದ್ಧಾಂತದಿಂದ ಮಾತ್ರ ನೋಡಬೇಡಿ, ಆಚರಣೆ, ಕಥೆ, ಅನುಭವ, ನೀತಿ, ಸಮಾಜ ಎಲ್ಲ ನೋಡಿ ಅಂದರು. ಅದೇ ಸುಮಾರಿಗೆ ಪಟಿಯಾಲಾದ ಪಂಜಾಬಿ ವಿಶ್ವವಿದ್ಯಾಲಯದಲ್ಲೂ ಧರ್ಮ ಅಧ್ಯಯನದ ವಿಭಾಗ ಶುರುವಾಯಿತು.

ಈ ಪರಂಪರೆಗೆ ನಾನು ಋಣಿ. ಆದರೂ ಒಂದು ತಕರಾರಿದೆ. ವಿಶ್ವದ ಧರ್ಮಗಳು ಅಂತ ಪುಸ್ತಕ ತೆರೆದರೆ ಅದೇ ಆರೇಳು ಹೆಸರು. ಒಂದು ಸ್ಥಾಪಕ, ಒಂದು ಗ್ರಂಥ, ಒಂದು ಕೋಷ್ಟಕ. ಈ ಪಟ್ಟಿ ಯುರೋಪಿನವರು 19ನೇ ಶತಮಾನದಲ್ಲಿ ತಮ್ಮ ಧರ್ಮದ ಅಳತೆಯಲ್ಲಿ ಮಾಡಿಕೊಂಡದ್ದು. ಅದರಲ್ಲಿ ನಮ್ಮೂರ ಗ್ರಾಮದೇವತೆ ದ್ಯಾಮವ್ವನಿಗೆ ಯಾವ ಚೌಕ? ಅವಳಿಗೆ ಗ್ರಂಥವಿಲ್ಲ, ಸ್ಥಾಪಕನಿಲ್ಲ. ಆದರೆ ಅವಳ ಜಾತ್ರೆ ಬಂದರೆ ಊರಿಗೆ ಊರೇ ರೊಟ್ಟಿ ಬಡಿಯುವುದು ನಿಲ್ಲಿಸುತ್ತದೆ. ಗಂಡನ ಮನೆಗೆ ಹೋದ ಹೆಣ್ಣುಮಕ್ಕಳು ತಿರುಗಿ ಬರುತ್ತಾರೆ. ಎಷ್ಟೋ ಜನರಿಗೆ ಧರ್ಮ ಅಂದರೆ ಮೊದಲು ಅವಳೇ. ನಮ್ಮ ಪಠ್ಯಕ್ರಮ ಅವಳಿಂದ ಶುರುವಾಗಬೇಕು ಅಂತ ನಾನು ಹಟ ಹಿಡಿಯುತ್ತೇನೆ.

ಹಿಂದಿನ ಬೆಂಚಿನಿಂದ ಒಬ್ಬ ತಂಗಿ ಕೇಳಿದಳು, ಹೀಗೆಲ್ಲ ಓದಿದರೆ ನಮ್ಮ ನಂಬಿಕೆ ಹೋಗುವುದಿಲ್ಲವಾ ಸರ್ ಅಂತ. ಹೊಲಕ್ಕೆ ಹೋಗುವಾಗ ಮನೆಯ ಕೀಲಿಯನ್ನು ಬಾಜೂ ಮನೆಯಲ್ಲಿ ಕೊಟ್ಟು ಹೋಗುತ್ತೇವಲ್ಲ ತಂಗಿ. ಮನೆ ನಮ್ಮದೇ. ಸಂಜೆ ಬಂದು ಬಾಗಿಲು ತೆಗೆಯುತ್ತೇವೆ. ಅಧ್ಯಯನಕ್ಕೆ ಕೂತಾಗ ನನ್ನ ನಂಬಿಕೆಯ ಕೀಲಿಯನ್ನು ಅಷ್ಟು ಹೊತ್ತು ಬಾಜೂಕ್ಕೆ ಇಡುತ್ತೇನೆ. ಎದುರಿನವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳುತ್ತೇನೆ. ಅವರಿಗೆ ಓದಿ ಹೇಳಿದರೆ, ಹೌದು, ಇದು ನಮ್ಮದೇ ಅಂತ ಅವರಿಗೆ ಅನ್ನಿಸಬೇಕು. ಆಮೇಲೆ ಪ್ರಶ್ನೆ ಕೇಳಬಹುದು, ಒಪ್ಪದೆಯೂ ಇರಬಹುದು. ನಾನು ದಿನಾ ಇಷ್ಟಲಿಂಗ ಪೂಜೆ ಮಾಡುವವನು. ಮೂವತ್ತು ವರ್ಷದ ಈ ಓದು ಅದನ್ನು ಕಸಿದುಕೊಂಡಿಲ್ಲ. ಕೈಯಲ್ಲಿ ಲಿಂಗ ಹಿಡಿದಾಗ ಅದರ ಹಿಂದಿನ ಎಷ್ಟು ಜನ ನೆನಪಾಗುತ್ತಾರೆ ಅಂತ ಮಾತ್ರ ಬದಲಾಗಿದೆ.

ಕೆಲಸದ ಪ್ರಶ್ನೆಯೂ ಬಂತು. ಬಾದಾಮಿಯಲ್ಲಿ ಗೈಡ್ ಆಗುವವರಿಗೆ, ಪತ್ರಿಕೆಗೆ ಬರೆಯುವವರಿಗೆ, ಕೆ.ಎ.ಎಸ್. ಬರೆದು ತಾಲ್ಲೂಕು ನೋಡಿಕೊಳ್ಳುವವರಿಗೆ ಇದು ಬೇಕೇ ಬೇಕು. ನರ್ಸಿಂಗ್ ಓದುವವರಿಗೂ ಬೇಕು. ರಮ್ಜಾನ್ ಉಪವಾಸದಲ್ಲಿರುವ ಸಕ್ಕರೆ ಕಾಯಿಲೆಯವರಿಗೆ ಗುಳಿಗೆಯ ಹೊತ್ತು ಬದಲಾಗಬೇಕು ಅಂತ ಡಾಕ್ಟರಿಗೆ ನೆನಪಿಸುವವರು ನೀವೇ. ಸೂರ್ಯ ಮುಳುಗಿದ ಮೇಲೆ ಉಣ್ಣದ ಜೈನ ಅಜ್ಜಿಗೆ ಆಸ್ಪತ್ರೆಯ ಊಟ ಏಳು ಗಂಟೆಗೆ ಬಂದರೆ ಅವರು ರಾತ್ರಿಯಿಡೀ ಹಸಿದು ಮಲಗುತ್ತಾರೆ, ಬಾಯಿ ಬಿಟ್ಟು ಹೇಳುವುದೂ ಇಲ್ಲ.

ವಿಭಾಗ ತೆರೆಯುವುದು ವಿಶ್ವವಿದ್ಯಾಲಯದವರ ಕೈಯಲ್ಲಿದೆ. ಅಲ್ಲಿವರೆಗೆ ಕಾಯಬೇಕಿಲ್ಲ. ಇವತ್ತು ಮನೆಗೆ ಹೋಗಿ ನಿಮ್ಮ ಮನೆದೇವರು ಯಾರು ಅಂತ ಕೇಳಿ. ನಮ್ಮ ಕಡೆ ಸಂಬಂಧ ಬೆಳೆಸುವಾಗ ಧರ್ಮ ಯಾವುದು ಅಂತ ಯಾರೂ ಕೇಳುವುದಿಲ್ಲ, ಮನೆದೇವರು ಯಾರು ಅಂತ ಕೇಳುತ್ತಾರೆ. ಸವದತ್ತಿಯ ಎಲ್ಲಮ್ಮನಾ, ಯಡೂರಿನ ವೀರಭದ್ರನಾ, ತುಳಜಾಪುರದ ಅಂಬಾಭವಾನಿಯಾ? ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವ ಯಮನೂರಿಗೆ ಹೋಗುವವರಿದ್ದರೆ, ನಿಮ್ಮ ಮನೆಯಲ್ಲಿ ಅಲ್ಲಿನ ದೇವರಿಗೆ ಚಾಂಗದೇವ ಅಂತಾರಾ, ರಾಜಾಬಾಗ್ ಸವಾರ್ ಅಂತಾರಾ ಕೇಳಿ. ಮನೆದೇವರು ನಿಮ್ಮ ಊರಿಂದ ಎಷ್ಟು ದೂರ ಇದೆ ನೋಡಿ. ದೂರ ಇದ್ದರೆ ನಿಮ್ಮ ಹಿರಿಯರು ಯಾವುದೋ ಬರದಲ್ಲೋ ಜಗಳದಲ್ಲೋ ಆ ಕಡೆಯಿಂದ ಬಂದಿರಬಹುದು. ಅಜ್ಜಿಯನ್ನೂ ಕೇಳಿ, ಅವರ ತವರಿನ ದೇವರು ಬೇರೆ ಇರುತ್ತದೆ, ಅದನ್ನೂ ಬರೆಯಿರಿ. ಒಂದು ಪುಟ ಸಾಕು. ಬರೆದದ್ದನ್ನು ಮನೆಯವರಿಗೆ ಓದಿ ಹೇಳಿ. ಅವರು ತಿದ್ದಿದರೆ ನಿಮ್ಮ ಸಾಲನ್ನು ಅಳಿಸಬೇಡಿ, ಪಕ್ಕದಲ್ಲಿ ಬೇರೆ ಬಣ್ಣದ ಪೆನ್ನಿನಲ್ಲಿ ಅವರ ಮಾತು ಬರೆಯಿರಿ. ಸೋಮವಾರ ನಿಮ್ಮ ಸರ್ ಹತ್ತಿರ ಕೊಡಿ. ಮುಂದಿನ ವಾರ ನಾನು ಬಂದು ಕೂತು ಎಲ್ಲರದನ್ನೂ ಓದುತ್ತೇನೆ.